ಮನೆ ಬಿಡದ ಭಕ್ತಿ

ದೇವರನ್ನು ಕಾಣಬೇಕಾದರೆ ಮನೆ ಬಿಡಬೇಕೆಂಬ ಭಾವನೆ ನಮ್ಮಲ್ಲಿ ಬಹಳ ಹಳೆಯದು. ಸಿಖ್ಖರ ಮೊದಲ ಗುರು ನಾನಕರು (1469–1539) ಇದನ್ನು ಒಪ್ಪಲಿಲ್ಲ. ಸಂಸಾರ ತೊರೆದ ಸಿದ್ಧರೊಡನೆ ಅವರು ನಡೆಸಿದ ಸಂವಾದವು ‘ಸಿದ್ಧ ಗೋಷ್ಠಿ’ ಎಂಬ ಹೆಸರಿನಿಂದ ಆದಿಗ್ರಂಥದಲ್ಲಿದೆ. ನೀರಿನಲ್ಲಿದ್ದೂ ನೀರಂಟದ ತಾವರೆಯಂತೆ ಲೋಕದಲ್ಲಿರಬೇಕೆಂಬುದು ಅವರ ಉತ್ತರ. ದುಡಿಮೆ, ನಾಮಸ್ಮರಣೆ, ಹಂಚಿ ಉಣ್ಣುವುದು, ಇವೇ ಅವರು ತೋರಿದ ದಾರಿ.

ಮಾತಿಗಿಂತ ಅವರ ನಡೆ ನನಗೆ ಹೆಚ್ಚು ಹಿಡಿಸಿತು. ದೇಶಗಳನ್ನೆಲ್ಲ ಸುತ್ತಿ ಬಂದವರು ಕಡೆಗಾಲದಲ್ಲಿ ಕಾಡು ಸೇರಲಿಲ್ಲ. ಕರ್ತಾರಪುರದಲ್ಲಿ ಬೇಸಾಯಕ್ಕೆ ನಿಂತರು. ಹಿರಿಯ ಮಗ ಶ್ರೀಚಂದರು ವಿರಕ್ತರು. ಉದಾಸಿ ಪಂಥದವರಿಗೆ ಅವರೇ ಮೂಲಪುರುಷರು. ಆದರೂ ಗುರುಪೀಠ ಸಂದದ್ದು ಮಗನಿಗಲ್ಲ, ಹೆಂಡತಿ ಮಕ್ಕಳೊಡನೆ ಬಾಳುತ್ತಿದ್ದ ಲೆಹಣಾ ಎಂಬ ಶಿಷ್ಯನಿಗೆ. ಅವರೇ ಗುರು ಅಂಗದರು. ತಂದೆಯಾದವನಿಗೆ ಇದು ಸುಲಭವಾಗಿತ್ತೇ!

ನಾನಕರು ನಮ್ಮ ಬೀದರಿಗೂ ಬಂದಿದ್ದರೆಂದು ಸಿಖ್ಖರು ನಂಬುತ್ತಾರೆ. ಅಲ್ಲಿಯ ನಾನಕ್ ಝೀರಾ ಗುರುದ್ವಾರದ ಚಿಲುಮೆ ಅವರ ನೆನಪಿನದು. 1699ರಲ್ಲಿ ಗುರು ಗೋವಿಂದಸಿಂಗರ ಕರೆಗೆ ತಲೆಕೊಡಲು ಎದ್ದುನಿಂತ ಐವರಲ್ಲೊಬ್ಬರಾದ ಸಾಹಿಬ್ ಸಿಂಗರು ಬೀದರಿನ ಕ್ಷೌರಿಕ ಮನೆತನದವರೆಂದು ಪ್ರತೀತಿ. ಬಸವಣ್ಣನವರ ಕಲ್ಯಾಣವಿರುವ ಆ ಸೀಮೆಗೆ ಕಾಯಕದ ಮಾತು ಹೊಸದೂ ಅಲ್ಲ.

ಉರಿಗಾಮಿನವನಿಗೆ ಇದೆಲ್ಲ ಏಕೆಂದು ಮಿತ್ರರು ಕೇಳಬಹುದು. ನಮ್ಮ ತಾತ ಚಿನ್ನದ ಗಣಿಯಲ್ಲಿ ದುಡಿದವರು. ಗಣಿ 2001ರಲ್ಲಿ ಮುಚ್ಚಿತು. ತಂದೆ ನಸುಕಿನ ರೈಲಿನಲ್ಲಿ ಬೆಂಗಳೂರಿಗೆ ಹೋದರೆ ಮರಳುವುದು ರಾತ್ರಿಯೇ; ನಾನು ಕಾಲೇಜು ಕಂಡದ್ದು ಆ ದುಡಿಮೆಯಿಂದ. ದೇವರ ಮುಂದೆ ಒಂದು ಗಳಿಗೆ ನಿಲ್ಲದವನೆಂದು ಅಜ್ಜಿ ಅವರನ್ನು ಬೈಯುವುದುಂಟು. ಮೊನ್ನೆ ಅಜ್ಜಿಗೆ ನಾನಕರ ಬೇಸಾಯದ ಸಂಗತಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ದೀಪ ನಾನೇ ಹಚ್ತೀನಿ ಬಿಡು, ಅವನು ರೈಲು ಹಿಡೀಲಿ” ಎಂದರು.