ಅಜ್ಜನ ಟ್ರಂಕಿನ ಕಾಗದಗಳು

ನಮ್ಮ ಡೊಂಬಿವಲಿಯಲ್ಲಿ ಹಳೆಯ ಕಟ್ಟಡಗಳನ್ನು ಕೆಡವಿ ಮುಗಿಲೆತ್ತರಕ್ಕೆ ಹೊಸವನ್ನು ಕಟ್ಟುತ್ತಿರುವುದನ್ನು ವಾಚಕರೆಲ್ಲರೂ ಬಲ್ಲರು. ಕಳೆದ ವರ್ಷ ನಮ್ಮ ಕಟ್ಟಡದ ಸರದಿ ಬಂದಿತು. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಅಟ್ಟದ ಮೇಲಿದ್ದ ಅಜ್ಜನ ತಗಡಿನ ಟ್ರಂಕನ್ನು ಕೆಳಗಿಳಿಸಿದೆವು. ರದ್ದಿಯವನು ತಕ್ಕಡಿ ಹಿಡಿದು ಬಾಗಿಲಲ್ಲಿ ನಿಂತೇ ಇದ್ದನು. ಎರಡು ಕಿಲೋ ತೂಗಿಯೂ ಆಗಿತ್ತು. ಅಷ್ಟರಲ್ಲಿ ಒಂದು ಕಟ್ಟಿನ ದಾರ ಸಡಿಲಿ, ಒಳಗಿಂದ ಒಂದು ನೋಟು ಜಾರಿ ನೆಲಕ್ಕೆ ಬಿದ್ದಿತು. ತೂಗಿದ್ದನ್ನೆಲ್ಲ ತಿರುಗಿ ಒಳಗೆ ತೆಗೆದುಕೊಂಡೆವು. ರದ್ದಿಯವನಿಗೆ ಬೇಸರವಾಯಿತು, ಆಗಲಿ.

ಅದು ನಿಜಾಮರ ಹೈದರಾಬಾದ್ ಸಂಸ್ಥಾನದ ಐದು ರೂಪಾಯಿಯ ನೋಟು. ನಮ್ಮ ಅಜ್ಜ ರಾಯಚೂರಿನ ಕಡೆಯವರು. 1950ರ ಸುಮಾರಿಗೆ ಮುಂಬಯಿಯ ಗಿರಣಿಗೆ ಬಂದವರು. ಆ ಸಂಸ್ಥಾನಕ್ಕೆ ‘ಉಸ್ಮಾನಿಯಾ ಸಿಕ್ಕಾ’ ಎಂಬ ತನ್ನದೇ ಹಣವಿದ್ದಿತು. 1918ರಲ್ಲಿ ಹತ್ತು ಮತ್ತು ನೂರು ರೂಪಾಯಿಯ ನೋಟುಗಳೂ ಮರುವರ್ಷ ಒಂದು ಮತ್ತು ಐದು ರೂಪಾಯಿಯವೂ ಹೊರಟವು. ಅವುಗಳ ಮೇಲೆ ಉರ್ದು, ಮರಾಠಿ, ತೆಲುಗುಗಳ ಜೊತೆಗೆ ಕನ್ನಡದಲ್ಲಿಯೂ ಬೆಲೆ ಅಚ್ಚಾಗಿರುತ್ತಿತ್ತು. ದರಬಾರೂ ಕಚೇರಿಯೂ ಉರ್ದುಮಯವಾಗಿದ್ದ ಆ ಕಾಲದಲ್ಲಿ ರಾಯಚೂರು, ಕಲಬುರ್ಗಿ, ಬೀದರಗಳ ರೈತನ ಕಿಸೆಯಲ್ಲಿ ಒಂದು ಸಾಲು ಕನ್ನಡವಾದರೂ ಇದ್ದಿತೆಂದರೆ ನಮಗೆ ಇಂದಿಗೂ ಸಂತೋಷವಾಗುತ್ತದೆ. 1948ರಲ್ಲಿ ಸಂಸ್ಥಾನವು ಭಾರತಕ್ಕೆ ಸೇರಿದ ಮೇಲೆ ಏಳು ಉಸ್ಮಾನಿಯಾ ರೂಪಾಯಿಗೆ ಆರು ಭಾರತದ ರೂಪಾಯಿಯೆಂಬ ಲೆಕ್ಕದಲ್ಲಿ ಎರಡೂ ಹಣಗಳು ಕೆಲಕಾಲ ಜೊತೆಯಾಗಿ ನಡೆದು, 1959ಕ್ಕೆ ಹಳೆಯದು ಪೂರ್ತಿ ರದ್ದಾಯಿತು. ಅಜ್ಜ ಬದಲಾಯಿಸಿಕೊಂಡಿದ್ದರೆ ನಾಲ್ಕೂಕಾಲು ರೂಪಾಯಿಯ ಮೇಲೆ ತುಸು ಬರುತ್ತಿತ್ತು. ಗಿರಣಿ ಕೂಲಿಗೆ ಅದೇನು ಸಣ್ಣ ಹಣವಲ್ಲ. ಆದರೂ ಇಟ್ಟುಕೊಂಡರು.

ಇನ್ನು ನಮ್ಮ ತಪ್ಪನ್ನೂ ಹೇಳಿಬಿಡಬೇಕು. ನೋಟು ಮಡಿಕೆಯಲ್ಲಿ ಹರಿದಿದ್ದಿತು. ಉಪಕಾರವಾದೀತೆಂದು ಸೆಲೊಟೇಪು ಹಚ್ಚಿದೆವು. ಫೋರ್ಟಿನ ಒಬ್ಬ ಹಳೆಯ ನೋಟಿನ ವ್ಯಾಪಾರಿಗೆ ತೋರಿಸಲು, ಆತ ಕನ್ನಡಕ ಏರಿಸಿ, “ಹರಿದದ್ದಕ್ಕೆ ಅರ್ಧ ಬೆಲೆ ಹೋಗಿತ್ತು, ಉಳಿದರ್ಧವನ್ನು ನೀವು ಕಳೆದಿರಿ” ಎಂದನು. ಟೇಪಿನ ಅಂಟು ಕಾಗದದೊಳಗೆ ಇಳಿದು ಹಳದಿಗಟ್ಟುತ್ತದೆ, ಬಿಡಿಸಲು ಹೋದರೆ ಅಚ್ಚೂ ಕಿತ್ತು ಬರುತ್ತದೆ. ಲ್ಯಾಮಿನೇಶನ್ ಇನ್ನೂ ಕೇಡು. ಇಸ್ತ್ರಿ ಮಾಡಬಾರದು, ಟಾಚಣಿ ಚುಚ್ಚಬಾರದು. ನಮ್ಮ ಮಳೆಗಾಲದ ತೇವಕ್ಕೆ ಟಾಚಣಿ ತುಕ್ಕು ಹಿಡಿದು ಕಾಗದವನ್ನೇ ತಿನ್ನುತ್ತದೆ. ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿ ಬಿಡಿಬಿಡಿಯಾಗಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿಟ್ಟರೆ ಸಾಕು.

ಫೋರ್ಟಿಗೆ ಹೋದಾಗ ಸರ್ ಪಿ. ಎಂ. ರಸ್ತೆಯಲ್ಲಿ ರಿಸರ್ವ್ ಬ್ಯಾಂಕು 2004ರಲ್ಲಿ ತೆರೆದ ಹಣದ ವಸ್ತುಸಂಗ್ರಹಾಲಯವನ್ನು ಮಕ್ಕಳಿಗೆ ತೋರಿಸತಕ್ಕದ್ದು. 1861ರ ಕಾಯಿದೆಯಿಂದ ನೋಟು ಹೊರಡಿಸುವ ಹಕ್ಕು ಬಂಗಾಲ, ಮುಂಬಯಿ, ಮದ್ರಾಸುಗಳ ಬ್ಯಾಂಕುಗಳಿಂದ ಸರಕಾರದ ಕೈಗೆ ಬಂದಿತು. ಮೊದಲ ನೋಟುಗಳಿಗೆ ಒಂದೇ ಮಗ್ಗುಲಿಗೆ ಅಚ್ಚು. ಅಂಚೆಯಲ್ಲಿ ಕಳವಾದೀತೆಂದು ಜನರು ನೋಟನ್ನು ಎರಡಾಗಿ ಕತ್ತರಿಸಿ ಒಂದರ್ಧವನ್ನು ಕಳಿಸುತ್ತಿದ್ದರಂತೆ. ಅದು ಮುಟ್ಟಿದ ಸುದ್ದಿ ಬಂದ ಬಳಿಕವೇ ಇನ್ನರ್ಧ!

ಎಲ್ಲ ಹಳೆಯ ಕಾಗದವೂ ಸತ್ತ ಕಾಗದವಲ್ಲ ಎಂಬುದನ್ನು ಮಾತ್ರ ಮರೆಯಬಾರದು. ನೆರೆಯ ಉಡುಪಿ ಕಡೆಯವರ ಮನೆಯಲ್ಲಿ ಸಿಂಡಿಕೇಟ್ ಬ್ಯಾಂಕಿನ ಹಳೆಯ ಪಾಸುಪುಸ್ತಕವೊಂದು ಸಿಕ್ಕಿತು. 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಒಯ್ದ ಬ್ಯಾಂಕದು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಹೋದರೂ ಠೇವಣಿಯ ಹೊಣೆ ಹೋಗಲಿಲ್ಲ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋದರೂ ವಾರಸುದಾರರು ಪಡೆಯಬಹುದು. ಹುಡುಕಲು 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣವನ್ನೂ ತೆರೆದಿದ್ದಾರೆ. ಷೇರುಪತ್ರಗಳನ್ನೂ ಹೀಗೆಯೇ ವಿಚಾರಿಸಿ ನೋಡಿದ ಬಳಿಕ ಚೌಕಟ್ಟು ಹಾಕಿಸಬೇಕು.

ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ ಕೊಡುವೆವು, ಮೊದಲು ಶುಲ್ಕ ಕಟ್ಟಿರಿ ಎಂಬ ಜಾಹೀರಾತುಗಳನ್ನು ನಂಬಬಾರದು. ತನ್ನ ಹೆಸರು ಹೇಳಿ ನಡೆಯುವ ಈ ಮೋಸದ ಕುರಿತು ರಿಸರ್ವ್ ಬ್ಯಾಂಕು 2021ರಲ್ಲಿಯೇ ಎಚ್ಚರಿಸಿದೆ. 2016ರಲ್ಲಿ ರದ್ದಾದ ಐನೂರು, ಸಾವಿರದ ನೋಟುಗಳನ್ನು ನೆನಪಿಗೆಂದು ಇಟ್ಟುಕೊಂಡವರೂ ಎಣಿಸಿ ನೋಡುವುದು ಒಳ್ಳೆಯದು. 2017ರ ಕಾಯಿದೆಯಂತೆ ಹತ್ತಕ್ಕಿಂತ ಹೆಚ್ಚು ಇರುವುದು ಅಪರಾಧ, ಅಧ್ಯಯನ ಸಂಗ್ರಹಕ್ಕಾದರೆ ಇಪ್ಪತ್ತೈದರವರೆಗೆ.

ನೋಟು ಜಾರಿಬಿದ್ದ ಆ ಕಟ್ಟಿನಲ್ಲಿ ಇದ್ದದ್ದು ಮನಿಯಾರ್ಡರಿನ ರಸೀದಿಗಳು. ಫಾರಮಿನ ಒಂದು ತುಂಡಿನಲ್ಲಿ ನಾಲ್ಕು ಮಾತು ಬರೆಯುವ ಜಾಗ. ಅದು ಹಣ ಪಡೆದವರ ಬಳಿ ಉಳಿಯುತ್ತಿತ್ತು. ಇನ್ನೊಂದು ತುಂಡು ಅವರ ಸಹಿಯೊಡನೆ ಕಳಿಸಿದವರಿಗೆ ಮರಳುತ್ತಿತ್ತು. 1880ರಲ್ಲಿ ಅಂಚೆಯವರು ತೊಡಗಿದ ಈ ಪದ್ಧತಿಯ ಹಳೆಯ ರೂಪ 2015ರಲ್ಲಿ ನಿಂತಿತು. ವ್ಯಾಪಾರಿ ಇವನ್ನು ಬೆರಳಿನಿಂದ ಸರಿಸಿ, “ಇದಕ್ಕೆ ಗಿರಾಕಿಯಿಲ್ಲ” ಎಂದನು.

ಮನೆಗೆ ಬಂದು ತಾರೀಖಿನಂತೆ ಜೋಡಿಸಿದೆವು. ತಿಂಗಳಿಗೊಂದು, ಹದಿನೈದು, ಇಪ್ಪತ್ತು ರೂಪಾಯಿ. ಮುತ್ತಜ್ಜಿಗೆ ಓದುಬರಹ ಬಾರದು. ಪ್ರತಿಯೊಂದರ ಮೇಲೂ ಅವಳ ಎಡಗೈ ಹೆಬ್ಬೆಟ್ಟಿನ ಗುರುತು, ಪಕ್ಕದಲ್ಲಿ ಸಾಕ್ಷಿಯ ಸಹಿ. ಅವಳ ಭಾವಚಿತ್ರ ನಮ್ಮಲ್ಲಿ ಒಂದೂ ಇಲ್ಲ. 1961ರ ಆಗಸ್ಟಿನವರೆಗೆ ಹೆಬ್ಬೆಟ್ಟೇ ಇದೆ. ಸೆಪ್ಟೆಂಬರಿನದು ಇಲ್ಲ. ಅಕ್ಟೋಬರಿನಿಂದ ಅಜ್ಜನ ತಮ್ಮನ ಸಹಿ.