ಮನೆ ಅಲ್ಲಿಯೇ ಇರಲಿ, ಸಾಮಾನು ಸಾಗಿಸಿರಿ

ಪರಸ್ಥಳದಲ್ಲಿ ಸಂಸಾರ ಹೂಡಿದ ನಮ್ಮಂಥವರಿಗೆ ಬಿಡಾರ ಬದಲಿಸುವುದು ಹೊಸತಲ್ಲ. ಧಾರವಾಡ ಬಿಟ್ಟು ಪುಣೆಗೆ ಬಂದ ಮೇಲೆ ನಮ್ಮ ಮನೆಯವರು ಮೂರು ಸಲ ಗಂಟುಮೂಟೆ ಕಟ್ಟಿದ್ದಾರೆ. ಕೊನೆಗೆ ಸದಾಶಿವ ಪೇಠೆಯ ಹಳೆಯ ವಾಡೆಯೊಂದರಲ್ಲಿ ನೆಲೆ ನಿಂತೆವು. ಈಗ ಆ ವಾಡೆಯೂ ಹೋಗಿ, ಅದೇ ಜಾಗದಲ್ಲಿ ಎದ್ದ ಕಟ್ಟಡದ ಮೂರನೆಯ ಅಂತಸ್ತಿನಲ್ಲಿದ್ದೇವೆ. ಇಷ್ಟು ಅನುಭವವಿದ್ದೂ ಹೋದ ವರ್ಷ ಒಂದು ಬಿಡಾರ ಬದಲಿಸುವಲ್ಲಿ ನಾವು ಎಡವಿದೆವು. ಅದು ಇಟ್ಟಿಗೆ ಗಾರೆಯ ಮನೆಯಲ್ಲ. ಮೇಜಿನ ಮೇಲಿರುವ ಮ್ಯಾಕ್ ಕಂಪ್ಯೂಟರಿನ ಒಳಗಿನ ಮನೆ. ನಮಗಾದ ಪಾಡು ನಮ್ಮ ವಾಚಕ ಬಂಧುಗಳಿಗೆ ಆಗದಿರಲೆಂದು ಇಲ್ಲಿ ಬರೆಯುತ್ತಿದ್ದೇವೆ.

ಮ್ಯಾಕಿನಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಮನೆಯುಂಟು. ಅದರ ಹೆಸರೇ ‘ಹೋಮ್’ ಫೋಲ್ಡರ್. ಅದರೊಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್, ಮ್ಯೂಸಿಕ್, ಮೂವೀಸ್ ಮೊದಲಾದ ಕೋಣೆಗಳು. ಇವಲ್ಲದೆ ‘ಲೈಬ್ರರಿ’ ಎಂಬ ಒಳಕೋಣೆಯೊಂದು ಕಣ್ಣಿಗೆ ಬೀಳದಂತೆ ಇರುತ್ತದೆ. ಹೆಸರು ಕೇಳಿ ಪುಸ್ತಕದ ಕೋಣೆಯೆಂದು ತಿಳಿಯಬಾರದು. ಯಂತ್ರದ ಬೇರೆ ಬೇರೆ ಪ್ರೋಗ್ರಾಮುಗಳು ತಮ್ಮ ತಮ್ಮ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ಜಾಗವದು. ಅಲ್ಲಿ ಕೈಯಾಡಿಸಕೂಡದು.

ನಮ್ಮ ಯಂತ್ರದಲ್ಲಿರುವ ಜಾಗ 256 ಜಿಬಿ. ಹದಿನೈದು ವರ್ಷಗಳ ಫೋಟೋಗಳು, ಮದುವೆ ಮುಂಜಿವೆಗಳ ವೀಡಿಯೋಗಳು, ಅಜ್ಜಿ ಟ್ರಂಕಿನಿಂದ ತೆಗೆದುಕೊಟ್ಟ ಹಳೆಯ ಚಿತ್ರಗಳ ಸ್ಕ್ಯಾನ್ ಪ್ರತಿಗಳು, ಎಲ್ಲ ಸೇರಿ ಅದು ತುಂಬಿಹೋಯಿತು. ಹೊರಗೆ ಜೋಡಿಸುವ ಡಿಸ್ಕೊಂದನ್ನು ಕೊಂಡು ತಂದೆವು. ‘ಸಿಸ್ಟಮ್ ಸೆಟ್ಟಿಂಗ್ಸ್’ನ ‘ಯೂಸರ್ಸ್ ಅಂಡ್ ಗ್ರೂಪ್ಸ್’ನಲ್ಲಿ, ಕಂಟ್ರೋಲ್ ಕೀಲಿ ಹಿಡಿದು ನಮ್ಮ ಹೆಸರನ್ನು ಕ್ಲಿಕ್ಕಿಸಿದರೆ ‘ಅಡ್ವಾನ್ಸ್ಡ್ ಆಪ್ಶನ್ಸ್’ ಸಿಗುತ್ತದೆ. ಅಲ್ಲಿ ಮನೆಯ ವಿಳಾಸವನ್ನೇ ಬದಲಿಸಬಹುದು. ಹಾಗೆ ಮಾಡಿದರೆ ಖಾತೆ ಕೆಟ್ಟು ಒಳಗೆ ಹೋಗಲಾಗದೆ ಹೋದೀತು ಎಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ಆದರೆ ಸದಾಶಿವ ಪೇಠೆಯಲ್ಲಿರುವವರು ನಾವು. ಮಧ್ಯಾಹ್ನ ಗಂಟೆ ಬಾರಿಸಬೇಡಿ, ಇಲ್ಲಿ ಗಾಡಿ ನಿಲ್ಲಿಸಬೇಡಿ ಎಂಬ ಫಲಕಗಳನ್ನು ಬಾಗಿಲು ಬಾಗಿಲಿಗೂ ಓದಿ ಓದಿ, ಎಚ್ಚರಿಕೆಗೆ ಬೆಲೆ ಕೊಡುವ ರೂಢಿಯೇ ತಪ್ಪಿತ್ತು! ಇಡೀ ಮನೆಯನ್ನು ಡಿಸ್ಕಿಗೆ ನಕಲು ಮಾಡಿ, ವಿಳಾಸ ಬದಲಿಸಿ, ಯಂತ್ರವನ್ನು ಮತ್ತೆ ಚಾಲೂ ಮಾಡಿದೆವು.

ಎಂಟು ದಿನ ಎಲ್ಲವೂ ಸರಿಯಾಗಿ ನಡೆಯಿತು. ಒಂಬತ್ತನೆಯ ದಿನ ಕಸ ಗುಡಿಸುವಾಗ ಡಿಸ್ಕಿನ ವಾಯರು ಕಳಚಿತು. ಅದನ್ನು ಯಾರೂ ನೋಡಲಿಲ್ಲ. ಯಂತ್ರ ಚಾಲೂ ಮಾಡಿದರೆ ಅದಕ್ಕೆ ನಮ್ಮ ಮನೆಯೇ ಸಿಗಲೊಲ್ಲದು. ಗುಪ್ತಪದ ಎಷ್ಟು ಸಲ ಕೊಟ್ಟರೂ ಒಳಗೆ ಹೋಗಲಾಗಲಿಲ್ಲ. ಗದ್ದಲ ಕೇಳಿ ಎಂಬತ್ತಾರು ವರ್ಷದ ಅಜ್ಜಿ ಹೊರಗೆ ಬಂದು, “ನಮ್ಮ ಧಾರವಾಡದ ಮನಿ ಫೋಟೋನೂ ಹೋದ್ವೇನೋ?” ಎಂದರು. ಆ ಮನೆ ಮಾರಿ ಎಷ್ಟೋ ವರ್ಷಗಳಾದವು. ಟ್ರಂಕಿನಲ್ಲಿದ್ದ ಮೂಲ ಚಿತ್ರಗಳು ಅರ್ಧಕ್ಕರ್ಧ ಗೆದ್ದಲಿನ ಪಾಲಾಗಿವೆ. ನಮ್ಮ ಬಾಯಿಂದ ಉತ್ತರ ಹೊರಡಲಿಲ್ಲ.

ಪುಣ್ಯಕ್ಕೆ ಹಳೆಯ ಮನೆಯನ್ನು ನಾವಿನ್ನೂ ಅಳಿಸಿರಲಿಲ್ಲ. ಯಂತ್ರದ ಆಡಳಿತಾಧಿಕಾರವಿದ್ದ ಇನ್ನೊಂದು ಖಾತೆ ಸೊಸೆಯ ಹೆಸರಿನಲ್ಲಿತ್ತು. ಆಕೆ ಅದರಿಂದ ಒಳಗೆ ಹೋಗಿ ವಿಳಾಸವನ್ನು ಮೊದಲಿನಂತೆ ಮಾಡಿಕೊಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ನಿಯಮ: ಮನೆ ಇದ್ದಲ್ಲಿಯೇ ಇರಲಿ, ಭಾರದ ಸಾಮಾನು ಮಾತ್ರ ಹೊರಗೆ ಹೋಗಲಿ.

ಅದನ್ನು ಮಾಡುವ ಬಗೆ ಹೀಗೆ. ಡಿಸ್ಕು ಎಪಿಎಫ್ಎಸ್ ಅಥವಾ ‘ಮ್ಯಾಕ್ ಓಎಸ್ ಎಕ್ಸ್‌ಟೆಂಡೆಡ್’ ಪದ್ಧತಿಯಲ್ಲಿ ಸಿದ್ಧವಾಗಿರಬೇಕು. ಹಾಗೆ ಸಿದ್ಧಪಡಿಸುವಾಗ ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಆದುದರಿಂದ ಮೊದಲೇ ನೋಡಿಕೊಳ್ಳಿರಿ. ‘ಫೋಟೋಸ್’ ಪ್ರೋಗ್ರಾಮನ್ನು ಮುಚ್ಚಿ, ಪಿಕ್ಚರ್ಸ್ ಕೋಣೆಯಲ್ಲಿರುವ ‘ಫೋಟೋಸ್ ಲೈಬ್ರರಿ’ಯನ್ನು ಎಳೆದು ಡಿಸ್ಕಿನ ಮೇಲೆ ಬಿಡಿರಿ. ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಎಳೆದಾಗ ಆಗುವುದು ನಕಲು. ಮೂಲ ಪ್ರತಿ ಅಲ್ಲಿಯೇ ಉಳಿದಿರುತ್ತದೆ. ಬಳಿಕ ಆಪ್ಶನ್ ಕೀಲಿ ಹಿಡಿದುಕೊಂಡು ‘ಫೋಟೋಸ್’ ತೆರೆದರೆ ಯಾವ ಲೈಬ್ರರಿ ಬೇಕೆಂದು ಅದು ಕೇಳುತ್ತದೆ, ಹೊಸದನ್ನು ತೋರಿಸಿರಿ. ಐಕ್ಲೌಡ್ ಬಳಸುವವರು ಸೆಟ್ಟಿಂಗಿಗೆ ಹೋಗಿ ಇದನ್ನೇ ‘ಸಿಸ್ಟಮ್ ಫೋಟೋ ಲೈಬ್ರರಿ’ಯೆಂದು ಗೊತ್ತುಪಡಿಸಬೇಕು. ನಾಲ್ಕು ದಿನ ಚಿತ್ರಗಳನ್ನು ತೆರೆದು ನೋಡಿ, ಎಲ್ಲವೂ ಇವೆಯೆಂದು ಖಾತ್ರಿಯಾದ ಮೇಲೆಯೇ ಹಳೆಯದನ್ನು ಅಳಿಸತಕ್ಕದ್ದು. ನಾವೇ ಮಾಡಿಕೊಂಡ ಬೇರೆ ಫೋಲ್ಡರುಗಳಿಗೂ ಇದೇ ಕ್ರಮ: ನಕಲು, ಪರೀಕ್ಷೆ, ಆಮೇಲೆ ಅಳಿಸುವುದು.

ಇನ್ನೊಂದು ಮಾತು. ಹೊರಗಿನ ಡಿಸ್ಕಿಗೆ ಹಾಕಿದ ಮಾತ್ರಕ್ಕೆ ಜೋಪಾನವಾಯಿತೆನ್ನುವಂತಿಲ್ಲ; ಹಳೆಯದನ್ನು ಅಳಿಸಿದರೆ ಉಳಿಯುವುದು ಒಂದೇ ಪ್ರತಿ. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದು ಮುಠಾ ನದಿಯ ನೀರು ಪುಣೆಗೆ ನುಗ್ಗಿತು. ನದಿಯ ಪಕ್ಕದ ಮನೆಗಳ ಕಾಗದಪತ್ರ, ಫೋಟೋಗಳು ನೀರುಪಾಲಾದುದನ್ನು ಇಲ್ಲಿಯ ಹಿರಿಯರು ಇಂದಿಗೂ ಹೇಳುತ್ತಾರೆ. ಆ ಕಾಲಕ್ಕೆ ಎರಡನೆಯ ಪ್ರತಿ ಇಡುವುದು ಸುಲಭವಿರಲಿಲ್ಲ. ನಮಗೆ ಆ ನೆವವಿಲ್ಲ. ನಾವೀಗ ಇನ್ನೊಂದು ಡಿಸ್ಕನ್ನು ಹುಬ್ಬಳ್ಳಿಯ ಅಕ್ಕನ ಮನೆಯಲ್ಲಿ ಇಟ್ಟಿದ್ದೇವೆ.

ಜಾಗದ ಚಿಂತೆ ತೀರಿತು. ಆದರೆ ಅಜ್ಜಿಯ ತೊಂದರೆ ಬೇರೆಯಾಗಿತ್ತು. ಅವರಿಗೆ ಕನ್ನಡ, ಮರಾಠಿ ಓದಲು ಬರುತ್ತದೆ, ಇಂಗ್ಲಿಷ್ ಬಾರದು; ದೃಷ್ಟಿಯೂ ಮಂದ. ಪರದೆಯ ಮೇಲೆ ಒಂಬತ್ತು ನೀಲಿ ಫೋಲ್ಡರುಗಳು, ಒಂದರ ಹಾಗೆ ಇನ್ನೊಂದು. ನಮ್ಮ ಪೇಠೆಯಲ್ಲಿಯೇ 1910ರಲ್ಲಿ ಸ್ಥಾಪನೆಯಾದ ಭಾರತ ಇತಿಹಾಸ ಸಂಶೋಧಕ ಮಂಡಳವಿದೆ; ಹಳೆಯ ಕಾಗದಪತ್ರಗಳ ದೊಡ್ಡ ಭಂಡಾರ. ಕಾಗದ ಉಳಿದರೆ ಸಾಲದು, ಬೇಕಾದಾಗ ಕೈಗೆ ಸಿಗಬೇಕೆಂಬುದು ಅಂಥ ಭಂಡಾರಗಳಿಂದ ನಾವು ಕಲಿಯತಕ್ಕ ಪಾಠ.

ಪರದೆಯ ಮೇಲಿನ ಫೋಲ್ಡರ್ ಹುಟ್ಟಿದ್ದು ಕಚೇರಿಯ ರಟ್ಟಿನ ಮಡಿಕೆಯಿಂದ. 1981ರಲ್ಲಿ ಝೆರಾಕ್ಸ್ ಕಂಪನಿಯ ‘ಸ್ಟಾರ್’ ಯಂತ್ರದಲ್ಲಿ ಅದರ ಚಿತ್ರವಿತ್ತು. 1984ರ ಮ್ಯಾಕಿಂಟಾಷ್ ಯಂತ್ರಕ್ಕೆ ಚಿಹ್ನೆಗಳನ್ನು ಬರೆದುಕೊಟ್ಟವರು ಸೂಸನ್ ಕೇರ್. ನಮ್ಮಲ್ಲಿಯೂ ಮಡಿಚುವ ಪುಸ್ತಕವಿತ್ತು: ಹುಣಿಸೆ ಬೀಜದ ಸರಿ ಮತ್ತು ಇದ್ದಿಲು ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆಯುತ್ತಿದ್ದ ಕಡತ. ಫೋಲ್ಡರಿಗೆ ತನ್ನಿಷ್ಟದ ಚಿತ್ರ ಅಂಟಿಸುವ ಸೌಕರ್ಯ ಮ್ಯಾಕಿಗೆ 1991ರ ‘ಸಿಸ್ಟಮ್ 7’ರಿಂದ ಬಂದಿತು. ಯೂನಿಕೋಡ್ ಸಂಕೇತದ ಮೊದಲ ಆವೃತ್ತಿ, ಕನ್ನಡ ಅಕ್ಷರಗಳನ್ನೂ ಒಳಗೊಂಡು, ಹೊರಬಂದದ್ದು ಅದೇ ವರ್ಷ. ಅಜ್ಜಿಗೆ ಬೇಕಾದುದು ಇವೆರಡೇ.

ಮೊದಲು ಬೇಕಾದ ಚಿತ್ರವನ್ನು ‘ಪ್ರಿವ್ಯೂ’ದಲ್ಲಿ ತೆರೆದು, ಕಮಾಂಡ್ ಮತ್ತು ಎ ಒತ್ತಿ ಪೂರ್ತಿ ಆರಿಸಿ, ಕಮಾಂಡ್ ಮತ್ತು ಸಿ ಒತ್ತಿ ನಕಲಿಸಿರಿ. ಆಮೇಲೆ ಫೋಲ್ಡರನ್ನು ಆರಿಸಿ ಕಮಾಂಡ್ ಮತ್ತು ಐ ಒತ್ತಿದರೆ ಮಾಹಿತಿಯ ಚೌಕಟ್ಟು ತೆರೆಯುತ್ತದೆ. ಅದರ ಮೇಲ್ತುದಿಯ ಎಡಕ್ಕಿರುವ ಪುಟ್ಟ ಚಿತ್ರವನ್ನು ಕ್ಲಿಕ್ಕಿಸಿ ಕಮಾಂಡ್ ಮತ್ತು ವಿ ಒತ್ತಿರಿ. ಕೆಳಗಿನ ದೊಡ್ಡ ಚಿತ್ರವನ್ನು ಕ್ಲಿಕ್ಕಿಸಿದರೆ ಕೆಲಸವಾಗದು; ನಾವು ಅರ್ಧ ತಾಸು ಕಳೆದದ್ದು ಅಲ್ಲಿಯೇ. ಬೇಡವಾದರೆ ಅದೇ ಪುಟ್ಟ ಚಿತ್ರವನ್ನು ಆರಿಸಿ ಕಮಾಂಡ್ ಮತ್ತು ಎಕ್ಸ್ ಒತ್ತಿದರೆ ಹಳೆಯ ರೂಪ ಮರಳುತ್ತದೆ. 2025ರ ‘ಟಾಹೋ’ ಆವೃತ್ತಿಯಲ್ಲಿ ಫೋಲ್ಡರಿನ ಮೇಲೆ ಚಿಹ್ನೆ ಅಥವಾ ಇಮೋಜಿ ಹಾಕುವ ಸೌಕರ್ಯವೂ ಇದೆ. ಆದರೆ ಫೋಲ್ಡರು ವಿಂಡೋಸ್ ಯಂತ್ರಕ್ಕೆ ಹೋದರೆ ಅಂಟಿಸಿದ ಚಿತ್ರ ಅಲ್ಲಿ ಕಾಣಿಸದು. ಆದುದರಿಂದ ಹೆಸರನ್ನೂ ಸ್ಪಷ್ಟವಾಗಿ ಬರೆಯಿರಿ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿಕೊಂಡರೆ ಕನ್ನಡದಲ್ಲಿಯೇ ಬರೆಯಬಹುದು.

ಈಗ ಅಜ್ಜಿಯ ಪರದೆಯ ಮೇಲೆ ಧಾರವಾಡದ ಮನೆಯ ಹೆಬ್ಬಾಗಿಲು, ತುಳಸೀಕಟ್ಟೆ, ಅಜ್ಜನ ಸೈಕಲ್ಲು ಮೂರೂ ಬೇರೆ ಬೇರೆಯಾಗಿ ಕಾಣುತ್ತವೆ. ಮಧ್ಯಾಹ್ನ ಯಾರನ್ನೂ ಕರೆಯದೆ ತಾವೇ ಹೆಬ್ಬಾಗಿಲು ತೆರೆಯುತ್ತಾರೆ. ಮೊನ್ನೆ ಒಂದು ಚಿತ್ರದಲ್ಲಿ ಬಾವಿಯ ಬಳಿ ನಿಂತ ಹುಡುಗಿಯನ್ನು ತೋರಿಸಿ, “ಇಕಿ ನನ್ನ ತಂಗಿ, ಏಳು ವರ್ಷದಾಕಿ ಇದ್ದಾಗ ತೀರಿಕೊಂಡ್ಲು” ಎಂದರು. ಅಂಥ ತಂಗಿಯಿದ್ದಳೆಂದು ನಮಗಾರಿಗೂ ಗೊತ್ತಿರಲಿಲ್ಲ. ಮೊಮ್ಮಗಳು ಆ ಚಿತ್ರಕ್ಕೆ ಹುಡುಗಿಯ ಹೆಸರು ಬರೆದಳು.

ನಿಮ್ಮ ಮನೆಯ ಯಂತ್ರದಲ್ಲಿಯೂ ಹೆಸರಿಲ್ಲದ ಮುಖಗಳು ಎಷ್ಟೋ ಇರಬಹುದು. ಹೆಸರು ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಿರಿ.