ಈ ಮರಿಯ ಅಪ್ಪ ಯಾವ ಟಗರು?

ನಮ್ಮ ಹಿಂಡಿನಲ್ಲಿ ಎರಡು ಟಗರು. ಮೈಕಟ್ಟಿನ ಮರಿ ಹುಟ್ಟಿದರೆ ದೊಡ್ಡ ಟಗರಿನದ್ದೇ ಅಂದುಕೊಂಡು ತಳಿಗೆ ಉಳಿಸುತ್ತಿದ್ದೆ. ಹಾಗೆ ಉಳಿಸಿದ್ದೊಂದು ಬೆಳೆದ ಮೇಲೆ ಬಡಕಲಾಯಿತು. ಮುಖ, ಬಣ್ಣ ನೋಡಿ ಹೇಳೋದು ಬರೀ ಅಂದಾಜು. ಅವಳಿ ಮರಿಗಳಿಗೂ ಬೇರೆ ಬೇರೆ ಅಪ್ಪ ಇರಬಹುದು, ನೋಡಿ!

ಖಚಿತವಾಗಬೇಕಾದರೆ ಡಿಎನ್‌ಎ ಪರೀಕ್ಷೆ. ಕಿವಿಯ ಚೂರೋ, ಒಂದಿಷ್ಟು ರಕ್ತವೋ ಸಾಕು. ಜೀವಕೋಶದೊಳಗಿನ ಈ ಎಳೆಯಲ್ಲಿ ಕೆಲವು ಕಡೆ ಒಂದೇ ತುಣುಕು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಅನ್ನೋದು ಕುರಿಯಿಂದ ಕುರಿಗೆ ಬೇರೆ. ಪ್ರತಿ ಜಾಗದಲ್ಲೂ ಮರಿಗೆ ತಾಯಿಯಿಂದ ಒಂದು, ತಂದೆಯಿಂದ ಒಂದು ಎಣಿಕೆ ಬರುತ್ತದೆ. ಮರಿಗೆ 12, 15. ತಾಯಿಗೆ 12, 14 ಅನ್ನಿ. 15 ಅಪ್ಪನದ್ದು. ದೊಡ್ಡ ಟಗರಿಗೆ 13, 16 ಇದ್ದರೆ ಅದರ ಮೇಲೆ ಅನುಮಾನ. ಅಪರೂಪಕ್ಕೆ ಎಣಿಕೆ ತಾನೇ ಬದಲಾಗುವುದುಂಟು. ಎರಡು ಮೂರು ಕಡೆ ತಪ್ಪಿದರೆ ಮಾತ್ರ ಅದು ಅಪ್ಪನಲ್ಲ ಅನ್ನುತ್ತಾರೆ. ಹಾಗಂತ 15 ಇರುವ ಸಣ್ಣ ಟಗರೇ ಅಪ್ಪ ಅನ್ನುವಂತಿಲ್ಲ, ಊರಿನ ಬೇರೆ ಟಗರಿಗೂ 15 ಇದ್ದೀತು. ಅದಕ್ಕೇ ಹತ್ತಾರು ಜಾಗ ನೋಡೋದು.

ಅಷ್ಟೂ ಎಣಿಕೆ ಸೇರಿದರೆ ಆ ಪ್ರಾಣಿಯ ಗುರುತೇ ಸಿಕ್ಕಂತೆ. ಸ್ಕಾಟ್ಲೆಂಡಿನಲ್ಲಿ 1996ರಲ್ಲಿ ಹುಟ್ಟಿದ ಡಾಲಿ ಕುರಿ ನಿಜಕ್ಕೂ ಇನ್ನೊಂದು ಕುರಿಯ ಕೆಚ್ಚಲಿನ ಜೀವಕೋಶದಿಂದಲೇ ಆದದ್ದಾ ಅಂತ ಕೆಲವರು ಅನುಮಾನಪಟ್ಟರು. ಕಾಪಿಟ್ಟಿದ್ದ ಜೀವಕೋಶದ ಜೊತೆ ಹೀಗೇ ತಾಳೆ ನೋಡಿ 1998ರಲ್ಲಿ ಹೌದು ಅಂದರು.

ಹಿಂಡಿಗೆಲ್ಲ ಪರೀಕ್ಷೆ ಮಾಡಿಸೋದು ನನ್ನಂಥವನಿಗೆ ಆಗದು. ಈಗ ಕುರಿ ಬೆದೆಗೆ ಬಂದಾಗ ಸಣ್ಣ ಟಗರನ್ನು ಬೇರೆ ಕಟ್ಟುತ್ತೇನೆ.